ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದ ಅಕ್ಕ

ಆ ದಿನ ಬೆಳಿಗ್ಗೆಯೂ ನಾನು ಎಂದಿನ ಹಾಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಬಿಟ್ಟು, ಹಾಲು ಕಾಯಲು ಇಟ್ಟೆ. ನಮ್ಮವರು ಬೆಂಗಳೂರಿಗೆ ಹೋಗುವ ಬೆಳಗಿನ ಟ್ರೈನು ಹಿಡಿಯಬೇಕು. ಅವರ ಡಬ್ಬಿಗೆ ಚಪಾತಿ, ಬೀನ್ಸ್ ಪಲ್ಯ. ಮಕ್ಕಳು ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋಗಿದ್ದರು. ಅವರು ಹೊರಟ ಮೇಲೆ ನಮ್ಮ ಬೀದಿ ಸ್ವಲ್ಪ ಹೊತ್ತು ಉಸಿರು ಬಿಟ್ಟ ಹಾಗೆ ಸುಮ್ಮನಾಗುತ್ತದೆ. ಬಂಗಾರಪೇಟೆ ಸ್ಟೇಷನ್ನಿನ ಕಡೆಯಿಂದ ಗಾಡಿ ಹೊರಟ ಸದ್ದು ಕೇಳಿದ ಮೇಲೆಯೇ ನಾನು ಎರಡನೇ ಸಲದ ಕಾಫಿ ಬೆರೆಸುವುದು. ಎರಡು ಲೋಟ. ಒಂದು ನನಗೆ, ಇನ್ನೊಂದು ಪಕ್ಕದ ಮನೆಯ ಅಕ್ಕನಿಗೆ.

ಅಕ್ಕ ಆ ಹೊತ್ತಿಗೆ ತಮ್ಮ ಮನೆಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತಿದ್ದರು. ಚಳಿಗಾಲದಲ್ಲಿ ಅಲ್ಲ, ಏಪ್ರಿಲ್ ತಿಂಗಳಲ್ಲಿ. ಗಂಡನ ಹಳೆಯ ಕಂದು ಸ್ವೆಟರ್, ಅದರ ಮೇಲೆ ಸೆರಗು, ಕಾಲಿಗೆ ಸಾಕ್ಸು. ಬೀದಿಯ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ಸ್ವೆಟರ್ ಆಂಟಿ’. ಅದು ಅವರಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ನಾನು ಗೋಡೆಯ ಮೇಲಿಂದ ಲೋಟ ಚಾಚಿದರೆ ಎರಡೂ ಅಂಗೈಯಿಂದ ಅದನ್ನು ಅಪ್ಪಿ ಹಿಡಿದು, ಕುಡಿಯುವುದಕ್ಕೆ ಮೊದಲು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು.

“ಏನ್ ಕಾನ್ವೆಂಟಮ್ಮ, ಕಾಫಿಪುಡಿಗೆ ಬರಾನಾ ಇವತ್ತು? ನೀರ್ ನೀರಾಗೈತೆ,” ಎನ್ನುತ್ತಿದ್ದರು. ಬಾಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು ಮಾತಾಡಿದಂಥ ದಪ್ಪ ದನಿ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಾನು ಒಂದು ಗುಟುಕು ಕಾಫಿ ಕುಡಿದು ಮುಗಿಸಬಹುದಿತ್ತು.

ಆ ದಿನ ಮೆಟ್ಟಿಲು ಖಾಲಿ ಇತ್ತು.

ಮೊದಲು ನನಗೆ ಏನೂ ಅನಿಸಲಿಲ್ಲ. ಲೋಟವನ್ನು ಗೋಡೆಯ ಮೇಲಿಟ್ಟು ಬಟ್ಟೆ ನೆನೆಹಾಕಲು ಒಳಗೆ ಹೋದೆ. ಮತ್ತೆ ಬಂದು ನೋಡಿದಾಗ ಕಾಫಿಯ ಮೇಲೆ ಕೆನೆ ಕಟ್ಟಿ, ಅದರ ನಡುವೆ ಒಂದು ಇರುವೆ ಸಿಕ್ಕಿಕೊಂಡಿತ್ತು. ಬಿಸಿಲು ಆಗಲೇ ಅವರ ಮೆಟ್ಟಿಲು ದಾಟಿ ಬಾಗಿಲಿನವರೆಗೆ ಏರಿತ್ತು. ಅವರ ಗಂಡ ಟೊಮ್ಯಾಟೊ ಕ್ರೇಟು ಹೇರುವ ಗೂಡ್ಸ್ ಆಟೋ ಓಡಿಸುತ್ತಿದ್ದರು. ಕತ್ತಲಿರುವಾಗಲೇ ಮಂಡಿಗೆ ಹೊರಟುಬಿಡುತ್ತಿದ್ದರು. ಮಗಳು ನಮ್ಮವರು ಹೋಗುವ ಟ್ರೈನಿನಲ್ಲೇ ಬೆಂಗಳೂರಿಗೆ ಕೆಲಸಕ್ಕೆ ಹೋಗುವವಳು. ಮನೆಯಲ್ಲಿ ಅಕ್ಕ ಒಬ್ಬರೇ. ಗೋಡೆ ಸುತ್ತಿಕೊಂಡು ಅವರ ಬಾಗಿಲಿಗೆ ಹೋದೆ.

ಬಾಗಿಲು ಮುಂದಕ್ಕೆ ಎಳೆದಿತ್ತು, ಅಷ್ಟೇ. “ಅಕ್ಕಾ,” ಎಂದೆ. ಒಳಗೆ ನಡುಮನೆಯ ಚಾಪೆಯ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪಕ್ಕದಲ್ಲಿ ವಾಂತಿ ಮಾಡಿಕೊಂಡ ಗುರುತು. ಕಂಬಳಿಯಿಂದ ಹೊರಗೆ ಬಂದಿದ್ದ ಒಂದು ಪಾದಕ್ಕೆ ಸಾಕ್ಸು ಇರಲಿಲ್ಲ. ನಾನು ಆ ಪಾದ ಮುಟ್ಟಿದೆ. ನೆಲ ಮುಟ್ಟಿದ ಹಾಗಿತ್ತು.

ಭಯವಾದಾಗ ನನಗೆ ಮನೆಯಲ್ಲಿ ಹೇಳಿಕೊಟ್ಟ ಸ್ತೋತ್ರಗಳು ನೆನಪಿಗೆ ಬರುವುದಿಲ್ಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಕಾನ್ವೆಂಟಿನಲ್ಲಿ ಸಾಲಾಗಿ ನಿಂತು ಹೇಳುತ್ತಿದ್ದ ಬೆಳಗಿನ ಪ್ರಾರ್ಥನೆ ಬರುತ್ತದೆ. ಅದನ್ನೇ ಅರ್ಧ ಹೇಳುತ್ತ, ಅರ್ಧ ಮರೆಯುತ್ತ ಅವರ ಭುಜ ಅಲುಗಿಸಿದೆ. ಕಣ್ಣು ಸ್ವಲ್ಪ ತೆರೆದರು. “ಏಳ್ತೀನಿರು,” ಎಂದರು. ಹಾಗೆಂದು ಮತ್ತೆ ಮುಳುಗಿಹೋದರು.

ಎದುರು ಮನೆಯ ರತ್ನಮ್ಮನನ್ನು ಕೂಗಿದೆ. ಬೀಗ ಹಾಕಿತ್ತು. ಅವರ ಸೊಸೆ ಹೆರಿಗೆಯಾಗಿ ತವರಿನಲ್ಲಿದ್ದಳು. ಮೊಮ್ಮಗನನ್ನು ನೋಡಲು ರತ್ನಮ್ಮ ಬೆಳಿಗ್ಗೆಯ ಬಸ್ಸಿಗೇ ಮುಳಬಾಗಿಲಿಗೆ ಹೋಗಿದ್ದರು. ಕೊನೆಗೆ ತಿರುವಿನ ಆಟೋದವನೇ ಬಂದು ಒಂದು ಕೈ ಕೊಟ್ಟ. ಅಕ್ಕನನ್ನು ಎತ್ತುವಾಗ ದಿಂಬಿನ ಪಕ್ಕ ಒಂದು ಮಾತ್ರೆಯ ತುಂಡು ಪಟ್ಟಿ ಕಂಡಿತು, ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು. ಯಾಕೋ ಅದನ್ನು ಪರ್ಸಿಗೆ ಹಾಕಿಕೊಂಡೆ.

ಆಟೋ ಕೆಜಿಎಫ್ ರಸ್ತೆ ಹಿಡಿಯಿತು. ಅಕ್ಕನ ತಲೆ ನನ್ನ ತೊಡೆಯ ಮೇಲೆ. ಪ್ರತಿ ಗುಂಡಿಗೂ ನಾನು ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ.

*

ಅಕ್ಕ ನಮ್ಮ ಬೀದಿಗೆ ಬಂದಾಗ ನನ್ನ ಮದುವೆಯಾಗಿ ಸ್ವಲ್ಪವೇ ಕಾಲವಾಗಿತ್ತು. ಅವರು ಹುಟ್ಟಿದ್ದು ಬಂಗಾರಪೇಟೆಯ ಆಚೆ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಹೋದದ್ದು ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕೆಲಸದವರಿಗೆ ಕಟ್ಟಿದ್ದ ಸಾಲುಮನೆಗೆ. ಆ ಹೊತ್ತಿಗೆ ಗಣಿ ಮುಚ್ಚಿತ್ತು, ಮಾವ ಮನೆಯಲ್ಲಿ ಕೂತಿದ್ದರು. ಅಲ್ಲಿಂದಲೇ ಅವರ ಮಾತಿಗೆ ತಮಿಳು ಸೇರಿಕೊಂಡಿತ್ತು. ಹಳ್ಳಿಯ ಕನ್ನಡ, ತಾಯಿಯ ತೆಲುಗು, ಸಾಲುಮನೆಯ ತಮಿಳು. ಕೋಪ ಬಂದರೆ ಯಾವುದರಲ್ಲಿ ಬೈಯಬೇಕೆಂದು ಯೋಚಿಸುವಷ್ಟರಲ್ಲಿ ಕೋಪವೇ ಇಳಿದುಹೋಗುತ್ತದೆ ಎಂದು ಅವರೇ ನಗುತ್ತಿದ್ದರು.

ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ಅವರ ಕೆಲಸ. ಅವರ ಗಂಟುಗಳು ಒಂದರ ಪಕ್ಕ ಒಂದು ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಇರುತ್ತಿದ್ದವು. ಆದರೆ ಹೇಳಿದ ದಿನಕ್ಕೆ ಒಂದು ಸೀರೆಯೂ ಸಿಗುತ್ತಿರಲಿಲ್ಲ. ಒಮ್ಮೆ ಮೇಲಿನ ಬೀದಿಯ ಹುಡುಗಿಯ ಧಾರೆ ಸೀರೆ, ಧಾರೆ ಮುಗಿದು ಹುಡುಗಿ ಗಂಡನ ಮನೆ ಸೇರಿದ ಮೇಲೆ ತಯಾರಾಯಿತು. ಆ ಹುಡುಗಿಯ ತಾಯಿ ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದರು. ಅಕ್ಕ ಸ್ವೆಟರಿನ ತೋಳು ಎಳೆದುಕೊಳ್ಳುತ್ತ, ಎಲ್ಲವನ್ನೂ ಕೇಳಿಸಿಕೊಂಡು, “ಓಗ್ಲಿ ಬುಡಮ್ಮ. ಸೀಮಂತಕ್ಕಾದ್ರೂ ಮುಂಚೇನೇ ಆಯ್ತಲ್ಲ,” ಎಂದರು. ಬೈಯುತ್ತಿದ್ದ ಆ ಹೆಂಗಸೂ ನಕ್ಕುಬಿಟ್ಟರು.

ನಮ್ಮ ಮನೆಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ ಫ್ಯಾನ್ ಆರಿಸುವುದು. ನಮ್ಮವರು ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಹಲ್ಲು ಕಿರಿಯುತ್ತಿದ್ದರು. ಮಾತಾಡುತ್ತ ಆಡುತ್ತಲೇ ಅಕ್ಕ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ದಾರದ ಎಳೆ ಬೆರಳ ನಡುವೆ ಹಾಗೇ ನಿಂತಿರುತ್ತಿತ್ತು. ಎಚ್ಚರವಾದಾಗ, ನಿಲ್ಲಿಸಿದ್ದ ಗಂಟನ್ನೇ ಮುಂದುವರಿಸುತ್ತಿದ್ದರು, ನಡುವೆ ಏನೂ ಆಗಿಲ್ಲ ಎಂಬಂತೆ.

ಅವರ ಹುಬ್ಬುಗಳನ್ನು ನಾನು ಬಹಳ ಸಲ ಗಮನಿಸಿದ್ದೆ. ಮೂಗಿನ ಕಡೆ ಅರ್ಧ ಇತ್ತು, ಕಿವಿಯ ಕಡೆ ಅರ್ಧ ಇರಲಿಲ್ಲ. ಮುಖದ ಚರ್ಮ ತೆಳ್ಳಗೆ, ಬಿಳಿಚಿಕೊಂಡು, ಕಣ್ಣಿನ ಸುತ್ತ ಬಾಯಿಯ ಸುತ್ತ ಹಳೆಯ ಕಾಗದವನ್ನು ಮುದುರಿ ಬಿಡಿಸಿದ ಹಾಗೆ ಸಣ್ಣ ಸಣ್ಣ ಗೆರೆ. ನಾನು ನೋಡುತ್ತಿರುವುದು ಒಮ್ಮೆ ಅವರಿಗೆ ಗೊತ್ತಾಗಿ, “ಉಬ್ಬು ಬಾಡ್ಗೆಗೆ ಕೊಟ್ಟಿದ್ದೀನಮ್ಮ, ಇನ್ನೂ ವಾಪಸ್ ಬಂದಿಲ್ಲ,” ಎಂದರು. ಗೋಡೆಯ ಮೇಲೆ ಅವರ ಮದುವೆಯ ಫೋಟೊ ಇತ್ತು. ದಪ್ಪ ಜಡೆ, ದಪ್ಪ ಹುಬ್ಬು, ಚುರುಕು ಕಣ್ಣಿನ ಒಬ್ಬ ಹುಡುಗಿ. ಅದು ಅವರ ತಂಗಿಯೆಂದೇ ನಾನು ಎಷ್ಟೋ ದಿನ ತಿಳಿದಿದ್ದೆ.

ಹೆರಿಗೆಯ ಕಥೆಯನ್ನು ಅವರು ನಗೆಚಾಟಿಕೆಯ ಹಾಗೆ ಹೇಳುತ್ತಿದ್ದರು. ತವರಿನಲ್ಲಿ, ಮನೆಯಲ್ಲೇ ಹೆರಿಗೆ. ಮಗು ಸಲೀಸಾಗಿ ಬಂತು. ಆಮೇಲೆ ರಕ್ತ ನಿಲ್ಲಲೇ ಇಲ್ಲ.

“ಎರಡು ಕೌದಿ ತೋದೋಯ್ತಮ್ಮ. ನಮ್ಮವ್ವ ಅಳೋದು ಬುಟ್ಟು ‘ಅಯ್ಯೋ ನನ್ ಕೌದಿ’ ಅಂತಾಳೆ! ಟ್ರ್ಯಾಕ್ಟರ್‌ನಾಗೆ ಆಕ್ಕಂಡು ಆಸ್ಪತ್ರೆಗೆ ಓದ್ರು. ಸತ್ತೇ ಓಗವ್ಳೆ ಅಂತ ನಮ್ಮತ್ತೆಗೆ ಏಳಿ ಕಳ್ಸಿದ್ರಂತೆ. ಅವ್ರು ಬಂದು ನೋಡಿದ್ರೆ ನಾನು ಗಂಜಿ ಕುಡೀತಿದ್ದೆ.”

ಎದೆಹಾಲು ಬರಲೇ ಇಲ್ಲ. ಬೆಳ್ಳುಳ್ಳಿ ತಿನ್ನಿಸಿದರು, ಸಬ್ಬಸಿಗೆ ಸೊಪ್ಪು ತಿನ್ನಿಸಿದರು, ಯಾರೋ ತಾಯಿತ ಕಟ್ಟಿದರು. ಕೊನೆಗೆ ಮನೆಯ ಹಸುವಿನ ಹಾಲಿಗೆ ನೀರು ಬೆರೆಸಿ ಮಗುವನ್ನು ಸಾಕಿದರು. ಮಗಳು ಎದುರು ಮಾತಾಡಿದರೆ ಅಕ್ಕ, “ನಿಮ್ಮವ್ವ ಕೊಟ್ಟಿಗೇಲಿದ್ಲು ಕಣೇ, ಅವಳ್ನೇ ಓಗಿ ಕೇಳು,” ಎನ್ನುತ್ತಿದ್ದರು. ಆ ಹೆರಿಗೆಯ ನಂತರ ಅವರು ಮುಟ್ಟಾಗಲೂ ಇಲ್ಲ, ಮತ್ತೆ ಬಸಿರಾಗಲೂ ಇಲ್ಲ. ನಮ್ಮ ಬೀದಿಯ ಹೆಂಗಸರಿಗೆ ಇದು ಹೊಟ್ಟೆಕಿಚ್ಚು. “ಪುಣ್ಯವಂತೆ, ತಿಂಗಳ ಗೋಳಿಲ್ಲ,” ಎನ್ನುತ್ತಿದ್ದರು. ನಾನೂ ಅವರ ನಡುವೆ ಕೂತು ತಲೆಯಾಡಿಸಿದವಳೇ.

ಅಕ್ಕನಿಗಿರುವುದು ‘ಥೈರಾಡು’ ಎಂದು ಮೊದಲು ಹೇಳಿದವರು ರತ್ನಮ್ಮ. ರತ್ನಮ್ಮನಿಗೆ ಥೈರಾಯ್ಡ್ ಇತ್ತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗುತ್ತಿದ್ದರು. ಆ ವಿಷಯದಲ್ಲಿ ಅವರ ಮಾತೇ ನಮ್ಮ ಬೀದಿಗೆ ಕೊನೆ. “ಮೈ ಊದಾದು, ಚಳಿ ಆಗಾದು, ಮಾತು ಎಳ್ಯಾದು, ಎಲ್ಲಾ ನಂಗಿದ್ದಂಗೇ ಐತಲ್ಲಮ್ಮ!” ಎಂದು ಹೇಳಿ ಅವರೇ ಅಕ್ಕನನ್ನು ಬಸ್ಸಿಗೆ ಹತ್ತಿಸಿ ಒಂದು ಲ್ಯಾಬಿಗೆ ಕರೆದುಕೊಂಡು ಹೋದರು. ಲ್ಯಾಬಿನವರು ಥೈರಾಯ್ಡಿಗೆಂದು ಒಂದೇ ಒಂದು ಪರೀಕ್ಷೆ ಮಾಡಿ, ‘ನಾರ್ಮಲ್’ ಎಂದು ಬರೆದುಕೊಟ್ಟರು.

ಅಕ್ಕನ ಗಂಡ ಅಂದಿನಿಂದ ನಿಶ್ಚಿಂತರಾದರು. “ಇವಳಿಗೆ ಏನೂ ಇಲ್ಲ ಅಂತ ಬರ್ದೇ ಕೊಟ್ಟವ್ರೆ. ಸೋಮಾರಿತನಕ್ಕೆ ಯಾವ ಲ್ಯಾಬ್‌ನಾಗೆ ಟೆಸ್ಟ್ ಮಾಡ್ತಾರೋ ಅದ್ನ ಕೇಳ್ಬೇಕು,” ಎಂದು ತಮಾಷೆ ಮಾಡಿದರು. ಅಕ್ಕನೂ ನಕ್ಕರು, ಅವರ ನಗು ಎಂದಿನಂತೆ ಎಲ್ಲರ ನಗು ಮುಗಿದ ಮೇಲೆ ಬಂತು.

ಬೀದಿ ಮಾತ್ರ ಸುಮ್ಮನಾಗಲಿಲ್ಲ. ಕಾರಣ ಹುಡುಕುವುದೆಂದರೆ ಬೀದಿಯವರಿಗೆ ಬಿಡಿಸಿಟ್ಟ ಹಲಸಿನ ಹಣ್ಣು. ಕಲ್ಲುಪ್ಪು ತಿನ್ನುವುದರಿಂದ ಎಂದು ಒಬ್ಬರು. ಕೋಸು ತಿನ್ನುವುದರಿಂದ ಎಂದು ಇನ್ನೊಬ್ಬರು. ಹಾಲು ಹಾಕುವ ಮುದುಕ ಒಂದು ದಿನ ಕ್ಯಾನು ಕೆಳಗಿಟ್ಟು, “ಸಾಲ್ಮನೇಲಿ ಇದ್ದು ಬಂದೋರಲ್ಲವ್ರಾ, ಸೈನೈಡ್ ಗುಡ್ಡದ ದೂಳು ಕುಡಿದವ್ರೆ,” ಎಂದ. ಗಣಿಯಿಂದ ತೆಗೆದ ಅದಿರನ್ನು ಅರೆದು ಚಿನ್ನ ಹೀರಿದ ಮೇಲೆ ಉಳಿದ ಮಣ್ಣಿನ ಆ ಬೂದು ಗುಡ್ಡಗಳು ಕೆಜಿಎಫ್‌ನಲ್ಲಿ ಯಾವ ಕಡೆ ತಿರುಗಿದರೂ ಕಾಣುತ್ತವೆ. ಗಾಳಿ ಎದ್ದರೆ ಧೂಳು ಊರ ಮೇಲೆ ಬರುತ್ತದೆ. ನಾನು ಅದೇ ಊರಿನ ಶಾಲೆಯಲ್ಲಿ ಓದಿದವಳು. ಆ ಧೂಳು ಬಿದ್ದ ಯೂನಿಫಾರಮ್ಮು ಕೊಡವಿಕೊಂಡೇ ಬೆಳೆದವಳು. ಮುದುಕ ಹಾಗೆಂದ ದಿನ ಕನ್ನಡಿಯ ಮುಂದೆ ನಿಂತು ನನ್ನ ಗಂಟಲನ್ನು ಒತ್ತಿ ಒತ್ತಿ ನೋಡಿಕೊಂಡೆ. ಹುಬ್ಬುಗಳನ್ನೂ ನೋಡಿಕೊಂಡೆ.

ಆ ಗುಡ್ಡಗಳ ಪಕ್ಕದಲ್ಲೇ ಈಗ ಆಟೋ ಓಡುತ್ತಿತ್ತು. ನನ್ನ ತೊಡೆಯ ಮೇಲೆ ಅಕ್ಕನ ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

*

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ಒಬ್ಬ ಲೇಡಿ ಡಾಕ್ಟರು. ಚಿಕ್ಕ ವಯಸ್ಸು, ಕೂದಲನ್ನು ಪೆನ್ನಿನಿಂದ ಮೇಲೆತ್ತಿ ಸಿಕ್ಕಿಸಿಕೊಂಡಿದ್ದರು. ಬಿ.ಪಿ. ಪಟ್ಟಿ ಕಟ್ಟಿದ ನರ್ಸು ಎರಡನೇ ಸಲ ಕಟ್ಟಿದಳು, ಮೂರನೇ ಸಲ ಕಟ್ಟಿದಳು. ಸಕ್ಕರೆ ಅಂಶವೂ ಪಾತಾಳಕ್ಕೆ ಇಳಿದಿತ್ತಂತೆ. ಕೈಗೆ ಗ್ಲೂಕೋಸ್ ಹಾಕಿದರು. ಗಂಡನಿಗೆ ಫೋನು ಸಿಕ್ಕಿತ್ತು, ಅವರು ಮಂಡಿಯಿಂದ ಹೊರಟಿದ್ದರು. ಮಗಳು ಬೆಂಗಳೂರಿನಿಂದ ವಾಪಸು ಬರುವ ಟ್ರೈನಿಗೆ ಕಾಯುತ್ತಿದ್ದಳು. ಉತ್ತರ ಹೇಳುವುದಕ್ಕೆ ಇದ್ದವಳು ನಾನೊಬ್ಬಳೇ.

ಡಾಕ್ಟರು ಅಕ್ಕನ ರೆಪ್ಪೆ ಎತ್ತಿ ನೋಡಿದರು, ಕುತ್ತಿಗೆ ಮುಟ್ಟಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು. ಕಾಲು ಮೇಲೆ ಎದ್ದಿತು, ಆದರೆ ಇಳಿಯುವಾಗ ಯೋಚಿಸಿಕೊಂಡು ಇಳಿದ ಹಾಗೆ ಇಳಿಯಿತು. ಆಮೇಲೆ ನನ್ನ ಕಡೆ ತಿರುಗಿದರು.

“ಥೈರಾಯ್ಡ್ ಏನಾದ್ರೂ ಇದೆಯಾ ಇವ್ರಿಗೆ?”

“ಇಲ್ಲ ಅಂತ ರಿಪೋರ್ಟ್ ಬಂದಿತ್ತು.”

“ಕುತ್ತಿಗೆಗೆ ಆಪರೇಷನ್ ಆಗಿತ್ತಾ? ಕುತ್ತಿಗೆಗೆ ಕರೆಂಟ್ ಕೊಡೋ ರೇಡಿಯೇಷನ್ ಚಿಕಿತ್ಸೆ?”

“ಇಲ್ಲ.”

“ಹೃದಯಕ್ಕೆ, ಮನಸ್ಸಿಗೆ ಅಂತ ಬಹಳ ದಿನದಿಂದ ಮಾತ್ರೆ ತಗೊಳ್ತಿದ್ರಾ? ಕೆಲವು ಮಾತ್ರೆಯಿಂದಲೂ ಥೈರಾಯ್ಡ್ ನಿಧಾನ ಆಗುತ್ತೆ.”

“ಇಲ್ಲ. ಡಾಕ್ಟ್ರೇ, ಉಪ್ಪಿನಿಂದ ಆಗುತ್ತಾ? ಧೂಳಿನಿಂದ?”

ನನ್ನ ದನಿ ನನಗೇ ಶಾಲೆಯ ಹುಡುಗಿಯ ದನಿಯಂತೆ ಕೇಳಿಸಿತು. ಅವರು ಬೈಯಲಿಲ್ಲ. ಅಯೋಡಿನ್ ಇಲ್ಲದ ಉಪ್ಪು ತಿನ್ನುವ ಕಡೆ ಆಗುತ್ತದೆ ಎಂದರು. ಎಷ್ಟೋ ಜನರಲ್ಲಿ ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿ ಬಿದ್ದು ಅದನ್ನು ಹಾಳು ಮಾಡುತ್ತದೆ ಎಂದರು. ಧೂಳಿನ ಮಾತಿಗೆ ಮಾತ್ರ, ನನಗೆ ಗೊತ್ತಿಲ್ಲ ಎಂದರು. ಹಾಗೆ ಹೇಳುತ್ತಲೇ ಅಕ್ಕನ ಮುಖವನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

“ಹೆರಿಗೆಯಲ್ಲಿ ಇವ್ರಿಗೆ ರಕ್ತ ಜಾಸ್ತಿ ಹೋಗಿತ್ತಾ?”

ನನ್ನ ಕಿವಿಯಲ್ಲಿ ಅಕ್ಕನ ನಗು ಕೇಳಿಸಿತು. “ಎರಡು ಕೌದಿ,” ಎಂದೆ.

“ಎದೆಹಾಲು ಬಂತಾ?”

“ಇಲ್ಲ.”

“ಆಮೇಲೆ ಮುಟ್ಟು?”

ಇಲ್ಲವೆಂದು ತಲೆಯಾಡಿಸಿದೆ. ನಾವು ವರ್ಷಗಟ್ಟಲೆ ನಕ್ಕ, ಹೊಟ್ಟೆಕಿಚ್ಚುಪಟ್ಟ ಸಂಗತಿಗಳನ್ನು ಈ ಹುಡುಗಿ ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಇಡುತ್ತಿದ್ದಾಳೆ ಅನಿಸಿತು.

“ಈಚೆಗೆ ಯಾವ್ದಾದ್ರೂ ಹೊಸ ಮಾತ್ರೆ ಕೊಟ್ರಾ?”

ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಪರ್ಸಿನಲ್ಲಿದ್ದ ತುಂಡು ಪಟ್ಟಿ ನೆನಪಾಯಿತು. ತೆಗೆದು ಕೊಟ್ಟೆ. ಡಾಕ್ಟರು ಅದರ ಬೆನ್ನು ತಿರುಗಿಸಿ ಓದಿದರು. ಅವರ ಮುಖ ಬದಲಾಯಿತು.

“ಇದು ಥೈರಾಯ್ಡ್ ಮಾತ್ರೆ. ಯಾರು ಬರೆದುಕೊಟ್ಟಿದ್ದು?”

ಪಟ್ಟಿಯನ್ನು ಹಾಗೆ ಕತ್ತರಿಯಲ್ಲಿ ನೇರವಾಗಿ, ಚೂಪು ತುದಿಯಿಲ್ಲದಂತೆ ಕತ್ತರಿಸುವವರು ನಮ್ಮ ಬೀದಿಯಲ್ಲಿ ಒಬ್ಬರೇ. ನಮ್ಮಲ್ಲಿ ಹೆಪ್ಪು, ಕರಿಬೇವು, ಮಾತ್ರೆ, ಈ ಮೂರಕ್ಕೂ ಬಂದವರಿಗೆ ಯಾರೂ ಇಲ್ಲ ಎನ್ನುವುದಿಲ್ಲ. ತಲೆನೋವಿನ ಮಾತ್ರೆ ಒಂದು ಮನೆಯಿಂದ, ಗ್ಯಾಸಿನ ಮಾತ್ರೆ ಇನ್ನೊಂದು ಮನೆಯಿಂದ. ಲ್ಯಾಬಿನ ಕಾಗದ ನಂಬದೆ ರತ್ನಮ್ಮ ತಮ್ಮ ಪಾಲಿನದರಲ್ಲಿ ಅರ್ಧ ಪಟ್ಟಿ ಕತ್ತರಿಸಿ ಕೊಟ್ಟಿದ್ದರು. ಮಗಳಿಗೆ ಫೋನು ಮಾಡಿ ಕೇಳಿದರೆ, ಹೌದು ಆಂಟಿ, ಒಂದು ವಾರದಿಂದ ಅಮ್ಮ ತಗೊಳ್ತಿದ್ದಾರೆ, ಎಂದಳು.

ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. ಅಕ್ಕನ ಕುತ್ತಿಗೆಯ ಗ್ರಂಥಿಗೆ ಏನೂ ಆಗಿಲ್ಲ. ಕೆಲಸ ಮಾಡು ಎಂದು ಅದಕ್ಕೆ ಅಪ್ಪಣೆ ಕಳಿಸುವ ಇನ್ನೊಂದು ಪುಟ್ಟ ಗ್ರಂಥಿ ತಲೆಯೊಳಗೆ, ಮಿದುಳಿನ ಬುಡದಲ್ಲಿ ಇದೆ. ಹೆರಿಗೆಯಲ್ಲಿ ರಕ್ತ ಹರಿದುಹೋದಾಗ ಅದಕ್ಕೆ ರಕ್ತ ಸಾಲದೆ ಅದು ಬಾಡಿಹೋಗಿರಬೇಕು. ಅದಕ್ಕೇ ಹಾಲಿಲ್ಲ, ಮುಟ್ಟಿಲ್ಲ, ಮೈಯಲ್ಲಿ ಕಾವಿಲ್ಲ. ಅಂಥವರಲ್ಲಿ ಲ್ಯಾಬಿನ ಆ ಒಂದು ಪರೀಕ್ಷೆ ಸರಿಯಾಗಿದೆ ಎಂದೇ ತೋರಿಸಬಹುದು. ಎಲ್ಲಾ ಪರೀಕ್ಷೆ ಬಂದ ಮೇಲೆ ಖಚಿತವಾಗುತ್ತದೆ, ಆದರೆ ನನಗೆ ಅನುಮಾನ ಉಳಿದಿಲ್ಲ ಎಂದರು.

“ಮತ್ತೆ ಥೈರಾಯ್ಡ್ ಮಾತ್ರೆ ಒಳ್ಳೇದೇ ಅಲ್ವಾ?”

“ಇವ್ರಿಗೆ ಅದೂ ಬೇಕು. ಆದ್ರೆ ಅದಕ್ಕಿಂತ ಮೊದಲು ಇನ್ನೊಂದು ಬೇಕು. ಕಷ್ಟ ಬಂದಾಗ ಮೈಯನ್ನ ಎತ್ತಿ ಹಿಡಿಯೋ ಒಂದು ಹಾರ್ಮೋನು ಇರುತ್ತಲ್ಲ, ಅದಕ್ಕೆ ಅಪ್ಪಣೆ ಕೊಡೋದೂ ಅದೇ ಗ್ರಂಥಿ. ಅದು ಇಲ್ದೆ ಇದೊಂದೇ ಕೊಟ್ರೆ, ಸೊರಗಿದ ಎತ್ತಿಗೆ ಚಾವಟಿ ಹೊಡೆದ ಹಾಗೆ. ಓಡೋಕೆ ಹೋಗಿ ಬಿದ್ದುಬಿಡುತ್ತೆ.” ಪಟ್ಟಿಯನ್ನು ಅಕ್ಕನ ಚೀಟಿಗೆ ಸಿಕ್ಕಿಸುತ್ತ, “ಇಂಥವ್ರು ನಮ್ಮ ಕಡೆ ಇನ್ನೂ ಸಿಗ್ತಾನೇ ಇದ್ದಾರೆ. ಬಾಣಂತನದಲ್ಲೇ ಯಾರಾದ್ರೂ ಗುರುತಿಸಿ ಕರ್ಕೊಂಡು ಬಂದಿದ್ರೆ ಇಷ್ಟು ದೂರ ಬರ್ತಿರಲಿಲ್ಲ,” ಎಂದರು.

“ಉಳೀತಾರಾ?” ಎಂದು ಕೇಳಿದೆ.

“ಇಂಜೆಕ್ಷನ್ ಕೊಟ್ಟಿದ್ದೀನಿ. ನಾಳೆ ಬೆಳಿಗ್ಗೆವರೆಗೂ ಏನೂ ಹೇಳಲ್ಲಮ್ಮ.”

ಅಕ್ಕನ ಗಂಡ ಬಂದಾಗ ಅಂಗಿಯ ತುಂಬ ಟೊಮ್ಯಾಟೊ ರಸದ ಕಲೆ. ಬಾಗಿಲಲ್ಲೇ ನಿಂತುಬಿಟ್ಟರು. “ಸೋಮಾರಿ ಅಂತಿದ್ನಲ್ಲಮ್ಮ ಇವಳ್ನ. ಬೆಳಿಗ್ಗೆ ಏಳಕ್ಕಾಗಲ್ಲ ಅಂದ್ರೆ ಕಂಬ್ಳಿ ಕಿತ್ತಾಕ್ತಿದ್ದೆ,” ಎಂದರು. ನಾನು ಅಕ್ಕನ ಇನ್ನೊಂದು ಪಾದದ ಸಾಕ್ಸನ್ನು ಸರಿಮಾಡಿದೆ.

*

ಅಕ್ಕ ಉಳಿದರು. ಇದನ್ನು ಈಗ ಬರೆಯುವುದು ಸುಲಭ.

ಮಾತ್ರೆಗಳು ಎರಡಾದವು. ಮೊದಲು ಮೈಯನ್ನು ಎತ್ತಿ ಹಿಡಿಯುವುದು, ಅದು ಮೈಗೆ ಹತ್ತಿದ ಮೇಲೆ ಥೈರಾಯ್ಡಿನದು. ತಿಂಗಳುಗಳು ಕಳೆದ ಹಾಗೆ ನಮ್ಮ ಬೀದಿಗೆ ನಾವು ಯಾರೂ ನೋಡಿರದ ಒಬ್ಬ ಹೆಂಗಸು ಬಂದಳು. ಮೊದಲು ಸಾಕ್ಸು ಹೋಯಿತು, ಆಮೇಲೆ ಸ್ವೆಟರ್. ದನಿ ತೆಳುವಾಯಿತು. ಮಾತು ಓಡತೊಡಗಿತು. ಹಾಲಿಗೆ ನೀರು ಬೆರೆಸಿದ್ದಕ್ಕೆ ಆ ಮುದುಕನನ್ನು ಮೂರು ಭಾಷೆಯಲ್ಲೂ ಉಸಿರು ಬಿಡದೆ ಬೈದದ್ದನ್ನು ನಾನು ಗೋಡೆಯ ಈಚೆ ನಿಂತು ಕೇಳಿದೆ. ಸೀರೆಗಳು ಹೇಳಿದ ದಿನಕ್ಕೆ ಮೊದಲೇ ತಯಾರಾದವು. ಗಂಟುಗಳು ಮಾತ್ರ ಮೊದಲಿನಷ್ಟು ಒತ್ತಾಗಿ ಇರಲಿಲ್ಲ.

“ಮದ್ವೆಗ್ ಮುಂಚೆ ನಾನು ಊರಿಗೇ ಬಾಯ್ಬಡ್ಕಿ ಕಣಮ್ಮ ಕಾನ್ವೆಂಟಮ್ಮ. ಏಳಿದ್ರೆ ನೀವೆಲ್ಲ ನಂಬ್ತಿದ್ರಾ?” ಎಂದರು ಒಂದು ದಿನ. ಅವರ ಗಂಡ ಪಕ್ಕದಲ್ಲಿದ್ದರು. “ಔದಮ್ಮ, ಇಂಗೇ ಇದ್ಲು. ನಾನೇ ಮರ್ತೋಗಿದ್ದೆ,” ಎಂದು ಮೆಲ್ಲಗೆ ಹೇಳಿದರು.

ಆ ಮಾತು ನನ್ನನ್ನು ಬಹಳ ದಿನ ಹೆದರಿಸಿತು. ಬೈಗುಳ ಕೇಳಿ ನಗಿಸುತ್ತಿದ್ದ, ಕೋಪವನ್ನು ಇಳಿಯಲು ಬಿಡುತ್ತಿದ್ದ, ಕಾಫಿ ಲೋಟವನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ ಆ ಅಕ್ಕ ಯಾರು? ಅವರ ತಾಳ್ಮೆಯನ್ನು ನಾನು ನನ್ನ ಮಕ್ಕಳಿಗೆ ಉದಾಹರಣೆ ಕೊಟ್ಟಿದ್ದೆ. ಅದು ಗುಣವಾಗಿತ್ತೋ, ಬಾಡಿದ ಗ್ರಂಥಿಯ ಆಯಾಸವಾಗಿತ್ತೋ? ಹೊಸ ಅಕ್ಕ ಆರೋಗ್ಯವಾಗಿದ್ದರು, ಜೋರಾಗಿದ್ದರು, ನನಗೆ ತುಂಬ ಬೇಕಾದವರಾಗಿದ್ದರು. ಆದರೂ ಕೆಲವು ಬೆಳಿಗ್ಗೆ ಎರಡು ಲೋಟ ಹಿಡಿದು ಗೋಡೆಯ ಹತ್ತಿರ ಬಂದಾಗ ಹಳೆಯ ಅಕ್ಕನನ್ನು ಹುಡುಕಿದ್ದೇನೆ. ಅಂಥ ಕಾಯಿಲೆಯ ಹೆಂಗಸನ್ನು ಹುಡುಕುವುದು ಪಾಪವೆಂದು ಗೊತ್ತಿದ್ದೂ ಹುಡುಕಿದ್ದೇನೆ. ಆಮೇಲೆ ಅವರ ಗಂಡ ಆಟೋ ಮಾರಿ ಹಳ್ಳಿಯಲ್ಲಿ ಟೊಮ್ಯಾಟೊ ಹಾಕುತ್ತೇನೆಂದು ಹೊರಟರು. ಮನೆ ಖಾಲಿಯಾಯಿತು. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ.

ಆದರೆ ಆ ದಿನ ಸಂಜೆ ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಮಗಳು ಆಸ್ಪತ್ರೆಗೆ ಬಂದು ಸೇರಿದ ಮೇಲೆ ನಾನು ಬಸ್ಸು ಹತ್ತಿ ಬಂಗಾರಪೇಟೆಗೆ ಬಂದೆ. ಬೀದಿಯ ತಿರುವಿನಲ್ಲೇ ನೋಡಿದೆ, ರತ್ನಮ್ಮನ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಕೂತು, ಬೀಗರ ಮನೆಯಿಂದ ತಂದಿದ್ದ ದಂಟಿನ ಸೊಪ್ಪನ್ನು ಮೊರದಲ್ಲಿ ಹಾಕಿಕೊಂಡು ಬಿಡಿಸುತ್ತಿದ್ದರು. ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು.

“ಎಂಗೈತಮ್ಮ ಅವ್ಳಿಗೆ?” ಎಂದರು. ಕಣ್ಣು ಕೆಂಪಗಾಗಿತ್ತು, ಅತ್ತಿದ್ದರು.

“ಉಸಿರಾಡ್ತಿದ್ದಾರೆ. ನಾಳೆವರೆಗೂ ಏನೂ ಹೇಳಲ್ಲ ಅಂದ್ರು.” ಆಮೇಲೆ, ಹೇಳದೆ ಇರಲಾರದೆ, ಆದಷ್ಟು ಮೆತ್ತಗೆ ಹೇಳಿದೆ. “ರತ್ನಮ್ಮ, ಆ ಮಾತ್ರೆ ಕೊಡಬಾರದಿತ್ತಂತೆ ಅವ್ರಿಗೆ.”

ಅವರ ಕೈ ಸೊಪ್ಪಿನೊಳಗೆ ನಿಂತಿತು. “ನಂಗೆ ಒಳ್ಳೇದಾಗ್ತೈತಲ್ಲಮ್ಮ ಅದು?” ಎಂದರು, ಚಿಕ್ಕ ಮಗು ಕೇಳಿದ ಹಾಗೆ. “ನನ್ ಪಾಲಿಂದ್ರಾಗೇ ಕೊಟ್ನಲ್ಲಮ್ಮ.”

ನಾನು ಅವರ ಪಕ್ಕ ಕೂತೆ. ಅವರನ್ನು ಆ ಯೋಚನೆಯಿಂದ ಎಬ್ಬಿಸಬೇಕೆನಿಸಿ, ಮೊಮ್ಮಗ ಹೇಗಿದ್ದಾನೆ, ಯಾರ ಹಾಗಿದ್ದಾನೆ ಎಂದು ಕೇಳಿದೆ. ರತ್ನಮ್ಮ ಮೂಗು ಸೆರಗಿಗೆ ಒರೆಸಿಕೊಂಡು, ಮತ್ತೆ ಒಂದು ದಂಟು ಎತ್ತಿಕೊಂಡು ನಾರು ತೆಗೆಯತೊಡಗಿದರು.

“ಮಗ ಗುಂಡ್‌ಗುಂಡ್ಗವ್ನೆ ಕಣಮ್ಮ. ನಮ್ ಸೊಸೇದೇ ಗೋಳು. ಎರಿಗೇಲಿ ರಕ್ತ ಸುಮಾರು ಓಯ್ತಂತೆ, ಬಾಟ್ಲಿ ಏರ್ಸಿದ್ರಂತೆ, ಅದನ್ನೇ ನೆಪ ಮಾಡ್ಕಂಡವ್ಳೆ. ಮಗೀಗೆ ಒಂದ್ ತೊಟ್ಟು ಆಲಿಲ್ಲ, ಈ ಬಿಸ್ಲಾಗೂ ಕಂಬ್ಳಿ ಒದ್ಕಂಡು ಯಾವಾಗ್ ನೋಡಿದ್ರೂ ನಿದ್ದೆ. ಈಗಿನ್ ಉಡ್ಗೀರು ಬಾಣಂತನ ಅಂದ್ರೆ ಮಲಗಾದು ಅಂದ್ಕಂಡ್ಬುಟ್ಟವ್ರೆ.”